ಬಾಡಿನ ಪಾಲು

ಬಾಡೂಟದಲ್ಲಿ ತಲೆಗೆಷ್ಟು ಮಾಂಸ ಎಂಬುದು ಬರಿಯ ತೂಕದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು. ಚೆಂಗಾಳ್ವರ ನಾಡಿನ ಕಲ್ಲಹಳ್ಳಿಯ ಮೂರನೆಯ ಮಂಗರಸ ೧೬ನೆಯ ಶತಮಾನದಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿದ. ಜೈನನಾದ ಆತನ ಕೃತಿಯಲ್ಲಿ ಮಾಂಸದಡುಗೆಗೆ ಎಡೆಯಿಲ್ಲ. ಆ ಲೆಕ್ಕವನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಒಕ್ಕಲು ಮನೆಗಳು ಗ್ರಂಥದ ನೆರವಿಲ್ಲದೆಯೇ ರೂಢಿಸಿಕೊಂಡು ಬಂದಿವೆ.

ಯುಗಾದಿಯ ಮರುದಿನ ಹೊಸತೊಡಕು. ಹಲವು ಮನೆಯವರು ಹಣ ಕೂಡಿಸಿ ಕುರಿ ಕೊಯ್ಯಿಸಿ ಗುಡ್ಡೆ ಹಾಕುತ್ತಾರೆ. ಎಲುಬು, ಈಲಿ, ಕೊಬ್ಬು, ಮೆತ್ತನೆಯ ತುಂಡು, ಎಲ್ಲವೂ ಪ್ರತಿ ಗುಡ್ಡೆಗೂ ಸಮನಾಗಿ ಬೀಳಬೇಕು. ಆದರೆ ಗುಡ್ಡೆ ಮನೆಗೊಂದು, ತಲೆಗೊಂದಲ್ಲ. ತಲೆಯ ಲೆಕ್ಕ ಒಲೆಯ ಬಳಿ ಆರಂಭವಾಗುತ್ತದೆ.

ಎಲುಬು ಸೇರಿದ ಒಂದು ಕಿಲೋ ಮಾಂಸದಲ್ಲಿ ಎಲುಬನ್ನೂ ಬೇಯುವಾಗ ಬಿಡುವ ನೀರನ್ನೂ ಕಳೆದರೆ ತಿನ್ನಲು ಸಿಗುವುದು ಸುಮಾರು ಅರ್ಧ ಕಿಲೋ. ಆರು ಮಂದಿ ಉಂಡರೆ ಒಬ್ಬರಿಗೆ ೮೦ ಗ್ರಾಮಿನಷ್ಟು. ರಾಗಿಮುದ್ದೆಯ ಊಟಕ್ಕೆ ಇಷ್ಟು ಸಾಕು. ಮುದ್ದೆ ಗಂಟಲಲ್ಲಿ ಇಳಿಯುವುದು ತುಂಡಿನಿಂದಲ್ಲ, ಎಲುಬು ರುಚಿ ಬಿಟ್ಟ ಸಾರಿನಿಂದ.

ಬಡಿಸುವಾಕೆಯ ಪಾಲೆಷ್ಟು? ನೆಂಟರು, ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಆಕೆಗೆ ತಳದ ಸಾರಷ್ಟೇ ಉಳಿಯುವುದುಂಟು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಹೆಂಗಸರ ಪೈಕಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಮಾಂಸದಲ್ಲಿರುವ ಕಬ್ಬಿಣದ ಅಂಶವೋ ದೇಹಕ್ಕೆ ಬೇಗ ದಕ್ಕುವಂಥದು. ಆದುದರಿಂದ ಗುಡ್ಡೆ ಹಾಕುವಾಗ ಊರು ತೋರುವ ಸಮತೆಯನ್ನು ಮನೆಯೂ ತೋರಬೇಕು: ಮೊದಲ ಎಲೆಗೆ ಬಡಿಸುವ ಮುನ್ನ ಅಡಿಗೆ ಮಾಡಿದವಳ ಪಾಲನ್ನು ತೆಗೆದಿಡಬೇಕು.