ಕಲ್ಲಿದ್ದಲಿನ ಸೆಸ್ ಹೋದ ದಾರಿ, ಬರ ಬರುವ ದಾರಿ

1901ರಿಂದ ಈಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎಂದರೆ 2023ರದ್ದು. ಆ ತಿಂಗಳು ದೇಶದಲ್ಲಿ ಮಳೆಯ ಕೊರತೆ ಶೇ 36ರಷ್ಟಿತ್ತು. ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 48 ಲಕ್ಷ ಹೆಕ್ಟೇರಿಗೂ ಹೆಚ್ಚಿನ ಬೆಳೆ ಹಾಳಾಯಿತು. ರಾಜ್ಯ ಸರ್ಕಾರದ ಅಂದಾಜಿನಲ್ಲಿ ನಷ್ಟ 35,162 ಕೋಟಿ ರೂಪಾಯಿ. ಕೇಂದ್ರದಿಂದ ಕೇಳಿದ್ದು 18,171 ಕೋಟಿ. ತಿಂಗಳುಗಟ್ಟಲೆ ಕಾದು, 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಮೇಲೆ, ಏಪ್ರಿಲ್ ಕೊನೆಯಲ್ಲಿ ಬಂದದ್ದು 3,454 ಕೋಟಿ.

ಈ ಜಗಳದಲ್ಲಿ ಯಾರದು ಸರಿ ಎಂಬ ಚರ್ಚೆ ಆಗ ಬೇಕಾದಷ್ಟು ಆಯಿತು. ನನ್ನನ್ನು ಕಾಡುವುದು ಬೇರೆಯೇ ಒಂದು ಪ್ರಶ್ನೆ. ಬರ ಬಂದ ಮೇಲೆ ಪರಿಹಾರಕ್ಕೆ ಎಷ್ಟು ಹಣ ಎಂದು ನ್ಯಾಯಾಲಯದವರೆಗೆ ಹೋಗಿ ಕೇಳುವ ನಾವು, ಬರದ ಪೆಟ್ಟನ್ನು ಮೊದಲೇ ತಗ್ಗಿಸಬೇಕಿದ್ದ ಹಣ ಏನಾಯಿತೆಂದು ಏಕೆ ಕೇಳುವುದಿಲ್ಲ? ಅಂಥ ಹಣ ಇತ್ತು. ಅದನ್ನು ನಮ್ಮಿಂದಲೇ, ನಮ್ಮ ಕರೆಂಟ್ ಬಿಲ್ಲಿನ ಮೂಲಕವೇ ಸಂಗ್ರಹಿಸಲಾಗಿತ್ತು.

2010ರ ಬಜೆಟ್ಟಿನಲ್ಲಿ ಆಗಿನ ಹಣಕಾಸು ಸಚಿವ ಪ್ರಣಬ್ ಮುಖರ್ಜಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ‘ಶುದ್ಧ ಇಂಧನ ಸೆಸ್’ ಹಾಕಿದರು. ಹೊಗೆ ಉಗುಳುವವರು ಅದರ ವೆಚ್ಚ ಭರಿಸಬೇಕು, ಆ ಹಣ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ಸೇರಿ ಸೌರ, ಪವನ ವಿದ್ಯುತ್ತಿಗೆ ಮತ್ತು ಸಂಶೋಧನೆಗೆ ಬಳಕೆಯಾಗಬೇಕು ಎಂಬುದು ಆಗ ಕೊಟ್ಟ ಮಾತು. 2014ರಲ್ಲಿ ಸೆಸ್ 100 ರೂಪಾಯಿಗೆ, 2015ರಲ್ಲಿ 200ಕ್ಕೆ, 2016ರಲ್ಲಿ 400ಕ್ಕೆ ಏರಿತು. ಉಷ್ಣ ಸ್ಥಾವರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಸುಡಬೇಕು. ಆ ಲೆಕ್ಕದಲ್ಲಿ ರಾಯಚೂರಿನಲ್ಲೋ ಬಳ್ಳಾರಿಯಲ್ಲೋ ತಯಾರಾದ ಪ್ರತಿ ಯೂನಿಟ್ಟಿನ ಬೆಲೆಯೊಳಗೆ 25 ಪೈಸೆಗಿಂತ ಹೆಚ್ಚು ಈ ಸೆಸ್ ಅಡಗಿತ್ತು. ಬಿಲ್ಲಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇರಲಿಲ್ಲ, ಹಾಗಾಗಿ ಕಟ್ಟಿದವರಿಗೆ ಅದು ಗೊತ್ತಾಗಲೂ ಇಲ್ಲ.

2010-11ರಿಂದ 2017-18ರವರೆಗೆ ಹೀಗೆ ಸಂಗ್ರಹವಾದದ್ದು ಸುಮಾರು 86,440 ಕೋಟಿ ರೂಪಾಯಿ. ಅದರಲ್ಲಿ ನಿಧಿಗೆ ವರ್ಗವಾದದ್ದು 29,645 ಕೋಟಿ. ಯೋಜನೆಗಳಿಗೆ ನಿಜವಾಗಿ ಬಳಕೆಯಾದದ್ದು 15,911 ಕೋಟಿ. ಎಂದರೆ ನೂರು ರೂಪಾಯಿಯಲ್ಲಿ ಹದಿನೆಂಟು ಮಾತ್ರ ಕೊಟ್ಟ ಮಾತಿನಂತೆ ಖರ್ಚಾಯಿತು. ಉಳಿದದ್ದು ಸಾಮಾನ್ಯ ಖಜಾನೆಯಲ್ಲಿ ಕಲೆತುಹೋಯಿತು.

ಇಲ್ಲಿ ರಾಜ್ಯಗಳಿಗೆ ಆದ ನಷ್ಟ ಎರಡು ಬಗೆಯದು. ಆದಾಯ ತೆರಿಗೆಯಂಥ ತೆರಿಗೆಗಳಲ್ಲಿ ರಾಜ್ಯಗಳಿಗೆ ಸಂವಿಧಾನಬದ್ಧ ಪಾಲಿದೆ, ಸೆಸ್‌ನಲ್ಲಿ ಇಲ್ಲ. ಒಂದು ನಿರ್ದಿಷ್ಟ ಕೆಲಸಕ್ಕೆಂದೇ ಎತ್ತಿದ ಹಣವಾದ್ದರಿಂದ ಅದನ್ನು ಹಂಚಬೇಕಿಲ್ಲ ಎಂಬುದು ಅದರ ಹಿಂದಿನ ನ್ಯಾಯ. ಕೆಲಸವೂ ಆಗದೆ ಪಾಲೂ ಸಿಗದೆ ಹೋದರೆ ಆ ನ್ಯಾಯಕ್ಕೆ ಅರ್ಥ ಉಳಿಯುವುದಿಲ್ಲ.

2017ರ ಜುಲೈನಲ್ಲಿ ಜಿಎಸ್‌ಟಿ ಬಂತು. ಟನ್ನಿಗೆ 400 ರೂಪಾಯಿ ಹಾಗೇ ಉಳಿಯಿತು, ಆದರೆ ಅದರ ಹೆಸರು ‘ಜಿಎಸ್‌ಟಿ ಪರಿಹಾರ ಸೆಸ್’ ಎಂದಾಯಿತು. ರಾಜ್ಯಗಳ ತೆರಿಗೆ ಖೋತಾ ತುಂಬಲು ಅದು ಬಳಕೆಯಾಯಿತು. ಕೋವಿಡ್ ಕಾಲದಲ್ಲಿ ಇದೇ ಪರಿಹಾರಕ್ಕೆಂದು ಎತ್ತಿದ 2.69 ಲಕ್ಷ ಕೋಟಿ ಸಾಲ ತೀರಿಸಲು 2022ರ ನಂತರವೂ ಮುಂದುವರಿಯಿತು. ರಾಜ್ಯಗಳಿಗೆ ಆ ಹಣ ಬೇಕಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಹವಾಮಾನದ ಹೆಸರಿನಲ್ಲಿ ದೇಶಕ್ಕಿದ್ದ ದೊಡ್ಡ ಆದಾಯದ ಮೂಲ ಅಲ್ಲಿಗೆ ಮುಗಿಯಿತು. ಅದರ ಜಾಗಕ್ಕೆ ಅಷ್ಟೇ ತೂಕದ ಇನ್ನೊಂದು ಮೂಲ ಬರಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ಆ 400 ರೂಪಾಯಿಯೂ ಇಲ್ಲ. ಬದಲಿಗೆ ಕಲ್ಲಿದ್ದಲಿನ ಜಿಎಸ್‌ಟಿ ಶೇ 5ರಿಂದ 18ಕ್ಕೆ ಏರಿದೆ. ಮೇಲ್ನೋಟಕ್ಕೆ ತೆರಿಗೆ ಹೆಚ್ಚಿದಂತೆ ಕಾಣುತ್ತದೆ. ಲೆಕ್ಕ ಹಾಕಿ ನೋಡಿ: ಟನ್ನಿಗೆ 1,500 ರೂಪಾಯಿಯ ಕಲ್ಲಿದ್ದಲಿಗೆ ಮೊದಲು 75 ರೂಪಾಯಿ ಜಿಎಸ್‌ಟಿ, 400 ಸೆಸ್, ಒಟ್ಟು 475. ಈಗ 270. ಟನ್ನಿನ ಬೆಲೆ ಸುಮಾರು 3,080 ರೂಪಾಯಿ ದಾಟುವವರೆಗೂ ಹೊಸ ತೆರಿಗೆ ಹಳೆಯದಕ್ಕಿಂತ ಕಡಿಮೆಯೇ. ಹೆಚ್ಚು ಬೂದಿ ಬಿಡುವ, ಅಗ್ಗದ, ಕೀಳು ದರ್ಜೆಯ ಕಲ್ಲಿದ್ದಲಿಗೇ ಹೆಚ್ಚು ರಿಯಾಯಿತಿ ಸಿಕ್ಕಿದೆ. ಸೌರ ಉಪಕರಣಗಳ ಜಿಎಸ್‌ಟಿಯನ್ನೂ ಅದೇ ದಿನ ಶೇ 12ರಿಂದ 5ಕ್ಕೆ ಇಳಿಸಿದ್ದು ಒಳ್ಳೆಯ ಹೆಜ್ಜೆ. ಅದರಿಂದ ಫಲಕ ಅಗ್ಗವಾಗುತ್ತದೆ. ಆದರೆ ಸಬ್‌ಸ್ಟೇಷನ್, ಪ್ರಸರಣ ಮಾರ್ಗ, ಬ್ಯಾಟರಿ, ಕೆರೆ ಹೂಳೆತ್ತುವ ಕೆಲಸಕ್ಕೆ ಹಣ ಹುಟ್ಟುವುದಿಲ್ಲ.

ಹವಾಮಾನ ಹೊಂದಾಣಿಕೆಯ, ಎಂದರೆ ಬದಲಾಗುವ ಹವಾಮಾನಕ್ಕೆ ಒಗ್ಗಿಕೊಳ್ಳುವ ಕೆಲಸಗಳ, ಕಡೆ ನೋಡಿದರೆ ಸ್ಥಿತಿ ಇನ್ನೂ ತೆಳು. ರಾಜ್ಯಗಳ ಇಂಥ ಯೋಜನೆಗಳಿಗೆಂದೇ 2015ರಲ್ಲಿ ‘ಹವಾಮಾನ ಬದಲಾವಣೆಯ ರಾಷ್ಟ್ರೀಯ ಹೊಂದಾಣಿಕೆ ನಿಧಿ’ ಹುಟ್ಟಿತು; ಜಾರಿಯ ಹೊಣೆ ನಬಾರ್ಡ್‌ನದು. ಕರ್ನಾಟಕಕ್ಕೆ ಅದರಡಿ ದೇಸಿ ದನ ಮತ್ತು ಕುರಿ ತಳಿಗಳನ್ನು ಉಳಿಸುವ ಯೋಜನೆ ಸಿಕ್ಕಿತು. ಬಿಸಿಲು ತಡೆಯುವ, ಒಣ ಮೇವಿನಲ್ಲೂ ಬದುಕುವ ತಳಿಗಳು ಮುಂದಿನ ದಿನಗಳಿಗೆ ಬೇಕೇ ಬೇಕು, ಆದ್ದರಿಂದ ಆಯ್ಕೆ ಸರಿಯಾಗಿಯೇ ಇತ್ತು. ಆದರೆ ದೇಶದ 27 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 30 ಯೋಜನೆಗಳಿಗೆ ಒಟ್ಟು ಮಂಜೂರಾದದ್ದು ಸುಮಾರು 847 ಕೋಟಿ. 2022ರ ನವೆಂಬರ್‌ನಲ್ಲಿ ಆ ನಿಧಿಯನ್ನು ಯೋಜನೆಗಳ ಪಟ್ಟಿಯಿಂದಲೇ ಕೈಬಿಡಲಾಯಿತು. ಒಂದೇ ರಾಜ್ಯದ ಒಂದೇ ಬರಕ್ಕೆ, ಕೇಳಿದ್ದರ ಐದನೇ ಒಂದು ಭಾಗವಾಗಿ ಬಂದ ಪರಿಹಾರ, ಇಡೀ ದೇಶದ ಹೊಂದಾಣಿಕೆ ಯೋಜನೆಗಳ ನಾಲ್ಕು ಪಟ್ಟು. ಮುನ್ನೆಚ್ಚರಿಕೆಗೆ ಜಿಪುಣತನ ಮಾಡಿದ್ದರ ಬೆಲೆ ಎಷ್ಟೆಂದು ಈ ಎರಡು ಅಂಕಿಗಳೇ ಹೇಳುತ್ತವೆ.

ಮುಂದೆ ಏನು ಕಾದಿದೆ ಎಂಬುದು ಊಹೆಯ ವಿಷಯವಲ್ಲ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾಗಿ, ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದೆಲ್ಲ ಇದೆ. 1901ರಿಂದ 2018ರ ನಡುವೆ ದೇಶದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಏರಿದೆ. 1951ರಿಂದ 2015ರ ನಡುವೆ ಮುಂಗಾರು ಮಳೆ ಸುಮಾರು ಶೇ 6 ಇಳಿದಿದೆ, ಈ ಇಳಿಕೆ ಎದ್ದು ಕಾಣುವುದು ಗಂಗಾ ಬಯಲಿನಲ್ಲಿ ಮತ್ತು ಪಶ್ಚಿಮ ಘಟ್ಟದಲ್ಲಿ. ಶತಮಾನದ ಕೊನೆಗೆ ಮಾದರಿಗಳು ಒಟ್ಟು ಮುಂಗಾರು ಹೆಚ್ಚಬಹುದೆಂದು ತೋರಿಸುತ್ತವೆ ಎಂಬುದನ್ನೂ ಹೇಳಬೇಕು. ಆದರೆ ಅದೇ ವರದಿ ಏರುಪೇರು ಜಾಸ್ತಿಯಾಗುತ್ತದೆ, ಬರಗಳ ಸಂಖ್ಯೆ, ತೀವ್ರತೆ, ವ್ಯಾಪ್ತಿ ಮೂರೂ ಹೆಚ್ಚುವ ಸಂಭವ ಬಲವಾಗಿದೆ ಎಂದೂ ಎಚ್ಚರಿಸುತ್ತದೆ. ಎಂದರೆ ಸುರಿದರೆ ಒಮ್ಮೆಲೇ, ಕೈಕೊಟ್ಟರೆ ವಾರಗಟ್ಟಲೆ. ಆ ವರದಿಯ ನಂತರ 2024 ಬಂದಿದೆ. ಭಾರತದಲ್ಲಿ 1901ರಿಂದ ದಾಖಲಾದ ಅತಿ ಬಿಸಿಯ ವರ್ಷ ಅದು.

ಘಟ್ಟದ ಮಳೆಗೂ ಬಯಲುಸೀಮೆಯ ಬೋರ್‌ವೆಲ್ಲಿಗೂ ಇರುವ ನಂಟನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ನಮ್ಮ ಜಲವಿದ್ಯುತ್ತಿನ ಬೆನ್ನೆಲುಬು ಶರಾವತಿ, ಕಾಳಿ, ವಾರಾಹಿ. ಮೂರೂ ಘಟ್ಟದ ಮಳೆಯನ್ನೇ ನಂಬಿದ ನದಿಗಳು. ಮುಂಗಾರು ಕೈಕೊಟ್ಟಾಗ ಲಿಂಗನಮಕ್ಕಿ, ಸೂಪಾ ಜಲಾಶಯಗಳು ತುಂಬುವುದಿಲ್ಲ, ವಿದ್ಯುತ್ ಇಳಿಯುತ್ತದೆ. ಅದೇ ವಾರಗಳಲ್ಲಿ ಬಯಲಿನ ರೈತ ಒಣಗುತ್ತಿರುವ ಪೈರು ಉಳಿಸಲು ಮೋಟಾರು ಹಾಕುತ್ತಾನೆ. ರಾಜ್ಯದಲ್ಲಿ ಸುಮಾರು 34 ಲಕ್ಷ ಕೃಷಿ ಪಂಪ್‌ಸೆಟ್‌ಗಳಿವೆ. ಪೂರೈಕೆ ಕುಸಿಯುವುದೂ ಬೇಡಿಕೆ ಏರುವುದೂ ಒಂದೇ ಕಾರಣಕ್ಕೆ, ಒಂದೇ ಸಮಯಕ್ಕೆ. 2023ರ ಅಕ್ಟೋಬರಿನಲ್ಲಿ ಆದದ್ದು ಇದೇ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಐದು ಗಂಟೆಗೆ ಇಳಿಯಿತು. ಉತ್ತರ ಪ್ರದೇಶ, ಪಂಜಾಬ್‌ಗಳ ಜತೆ ವಿನಿಮಯದ ಕರಾರು ಮಾಡಿಕೊಳ್ಳಬೇಕಾಯಿತು. ರಾಜ್ಯದಲ್ಲಿ ತಯಾರಾದ ವಿದ್ಯುತ್ತನ್ನು ಹೊರಗೆ ಮಾರದಂತೆ ವಿದ್ಯುತ್ ಕಾಯ್ದೆಯ 11ನೇ ಕಲಮು ಚಲಾಯಿಸಬೇಕಾಯಿತು. ಮಳೆಯೂ ಇಲ್ಲದೆ ಕರೆಂಟೂ ಇಲ್ಲದೆ ನಿಂತ ರೈತನಿಗೆ ನಂತರ ಸಿಕ್ಕ ಮಳೆಯಾಶ್ರಿತ ಬೆಳೆಯ ಪರಿಹಾರದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಗೆ. ಎಕರೆಗೆ 3,400. ಉಳುಮೆ, ಬೀಜ, ಗೊಬ್ಬರದ ಖರ್ಚೇ ಅದನ್ನು ಮೀರುತ್ತದೆ.

ಆದರೆ ಬರದ ವರ್ಷ ಕುಂದದ ಒಂದು ಮೂಲವಿದೆ: ಬಿಸಿಲು. ಮೋಡವಿಲ್ಲದ ಆಕಾಶದಲ್ಲಿ ಸೌರ ಫಲಕ ಚೆನ್ನಾಗಿಯೇ ದುಡಿಯುತ್ತದೆ. ಪಂಪ್‌ಸೆಟ್ಟಿನ ಫೀಡರಿಗೆ, ಊರ ಹತ್ತಿರದ ಸಬ್‌ಸ್ಟೇಷನ್ನಿನ ಬಳಿಯೇ ಸೌರ ಘಟಕ ಕಟ್ಟಿದರೆ ವಿದ್ಯುತ್ ದೂರದಿಂದ ಬರುವಾಗಿನ ಸೋರಿಕೆ ತಪ್ಪುತ್ತದೆ. ರೈತನಿಗೆ ಹಗಲು ಹೊತ್ತು ಕರೆಂಟು ಸಿಗುತ್ತದೆ, ರಾತ್ರಿ ಟಾರ್ಚ್ ಹಿಡಿದು ಹಾವು, ಕರಡಿ, ಚಿರತೆಗೆ ಹೆದರುತ್ತ ನೀರು ಕಟ್ಟಲು ಹೋಗುವುದು ತಪ್ಪುತ್ತದೆ. ಪಿಎಂ-ಕುಸುಮ್ ಯೋಜನೆಯ ‘ಸಿ’ ಘಟಕ ಇದಕ್ಕಾಗಿಯೇ ರೂಪುಗೊಂಡದ್ದು. ಅದರಡಿ ಕೇಂದ್ರ ಮೆಗಾವಾಟಿಗೆ 1.05 ಕೋಟಿವರೆಗೆ ನೆರವು ಗೊತ್ತು ಮಾಡಿತು. ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿಯಲ್ಲಿ 2025ರ ಜೂನ್‌ನಲ್ಲಿ ಉದ್ಘಾಟನೆಯಾದ ಘಟಕ ಈ ಬಗೆಯದು. ಕೋಲಾರ, ಚಿಕ್ಕಬಳ್ಳಾಪುರದಂಥ ಅಂತರ್ಜಲ ಬರಿದಾದ ಜಿಲ್ಲೆಗಳಲ್ಲಿ ಇದರ ಜತೆಗೆ ಹನಿ ನೀರಾವರಿ, ಕೆರೆ ತುಂಬಿಸುವ ಕೆಲಸ ಆಗದಿದ್ದರೆ ಪುಕ್ಕಟೆ ಬಿಸಿಲು ಬೋರ್‌ವೆಲ್ಲನ್ನು ಇನ್ನಷ್ಟು ಬೇಗ ಒಣಗಿಸುತ್ತದೆ. ಈ ಎಚ್ಚರಿಕೆ ಬಿಟ್ಟರೆ, ಬರಕ್ಕೆ ಇದಕ್ಕಿಂತ ನೇರವಾದ ಮದ್ದು ನಮ್ಮ ಬಳಿ ಇಲ್ಲ.

ಈ ಮದ್ದಿಗೇ ಹಣ ಸಾಲದಾಗಿದೆ. 2019ರಲ್ಲಿ ಶುರುವಾದ ಕುಸುಮ್, 2022ಕ್ಕೆ ಮುಗಿಯಬೇಕಿದ್ದದ್ದು 2026ರ ಮಾರ್ಚ್‌ಗೆ ಮುಂದಕ್ಕೆ ಹೋಯಿತು. ಗದಗ, ಕೊಪ್ಪಳದ ಗಾಳಿ ಬಿಸಿಲಿನ ವಿದ್ಯುತ್ತನ್ನು ಹೊತ್ತೊಯ್ಯುವ ಹಸಿರು ಇಂಧನ ಕಾರಿಡಾರ್‌ನ ಮೊದಲ ಹಂತದಲ್ಲಿ ಶೇ 40 ಅನುದಾನ ಸಿಕ್ಕಿತ್ತು, ಅದು ಬಂದದ್ದು ಇದೇ ಕಲ್ಲಿದ್ದಲು ಸೆಸ್‌ನ ನಿಧಿಯಿಂದ. 2022ರಲ್ಲಿ ಒಪ್ಪಿಗೆ ಸಿಕ್ಕ ಎರಡನೇ ಹಂತದಲ್ಲಿ, ಕರ್ನಾಟಕವೂ ಸೇರಿ ಏಳು ರಾಜ್ಯಗಳಿಗೆ, ಕೇಂದ್ರದ ನೆರವು ಶೇ 33. ಕೆಲಸ ದೊಡ್ಡದಾದಂತೆ ಪಾಲು ಚಿಕ್ಕದಾಯಿತು. ತಂತಿಯಿಲ್ಲದೆ ಫಲಕ ಹಾಕಿದರೆ ಮಧ್ಯಾಹ್ನದ ವಿದ್ಯುತ್ ಬಳಕೆಯಾಗದೆ ಹೋಗುತ್ತದೆ, ಸಂಜೆ ಏಳಕ್ಕೆ ರಾಯಚೂರಿನ ಬಾಯ್ಲರುಗಳೇ ಗತಿಯಾಗುತ್ತವೆ. ಹಸಿರು ಹೂಡಿಕೆಗೆ 2030ರವರೆಗೆ ವರ್ಷಕ್ಕೆ ದೇಶದ ಜಿಡಿಪಿಯ ಕನಿಷ್ಠ ಶೇ 2.5ರಷ್ಟು ಬೇಕೆಂದು ರಿಸರ್ವ್ ಬ್ಯಾಂಕಿನ 2022-23ರ ವರದಿಯೇ ಅಂದಾಜಿಸಿದೆ. ಅದನ್ನೆಲ್ಲ ಸರ್ಕಾರವೇ ಕೊಡಬೇಕಿಲ್ಲ, ಖಾಸಗಿ ಬಂಡವಾಳ ಇದೆ. ಆದರೆ ಖಾಸಗಿಯವರು ಸೌರ ಪಾರ್ಕ್ ಕಟ್ಟುತ್ತಾರೆಯೇ ಹೊರತು ಹಳ್ಳಿಯ ಫೀಡರಿಗೆ, ಕೆರೆ ಏರಿಗೆ, ಮಳೆ ಮಾಪನ ಕೇಂದ್ರಕ್ಕೆ ಬರುವುದಿಲ್ಲ.

ರಾಜ್ಯದ ಪಾಲಿನ ತಪ್ಪನ್ನು ಮುಚ್ಚಿಡುವುದೂ ಸರಿಯಲ್ಲ. ಪಂಪ್‌ಸೆಟ್‌ಗಳ ಉಚಿತ ವಿದ್ಯುತ್ತಿಗೆ ವರ್ಷಕ್ಕೆ ಸುಮಾರು 19,000 ಕೋಟಿ ಸಹಾಯಧನ ಹೋಗುತ್ತಿದೆ. ರೈತನಿಗೆ ಆ ನೆರವು ಬೇಕು. ಆದರೆ ಪ್ರತಿ ವರ್ಷ ಸುಟ್ಟು ಹೋಗುವ ಯೂನಿಟ್ಟಿಗೆ ಕೊಡುವ ಈ ಮೊತ್ತದಲ್ಲಿ ಒಂದು ಭಾಗವನ್ನು ಇಪ್ಪತ್ತೈದು ವರ್ಷ ಬಾಳುವ ಘಟಕಕ್ಕೆ ಹಾಕಿದರೆ ಸಹಾಯಧನವೇ ಕ್ರಮೇಣ ಇಳಿಯುತ್ತದೆ. ಈ ಲೆಕ್ಕ ಇಂಧನ ಇಲಾಖೆಗೆ ಗೊತ್ತಿದೆ. ಜಾರಿಯ ವೇಗ ಮಾತ್ರ ಆ ಲೆಕ್ಕಕ್ಕೆ ತಕ್ಕಂತಿಲ್ಲ. ವಿಪತ್ತು ನಿಧಿಯಲ್ಲೂ ಹೀಗೇ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ರಾಜ್ಯಗಳ ವಿಪತ್ತು ನಿಧಿಗಳಿಗೆ 1,60,153 ಕೋಟಿ ಗೊತ್ತು ಮಾಡಿ, ಅದರಲ್ಲಿ ಶೇ 20ನ್ನು ಅನಾಹುತ ತಗ್ಗಿಸುವ ಕೆಲಸಕ್ಕೆಂದೇ ಮೀಸಲಿಟ್ಟಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲೇ ಇದ್ದ ಈ ತಗ್ಗಿಸುವಿಕೆ ನಿಧಿಗೆ ಹಣ ಕಾಣಲು ಹದಿನಾರು ವರ್ಷ ಬೇಕಾಯಿತು.

ಇಷ್ಟೆಲ್ಲದರ ನಡುವೆ ರಾಜ್ಯದ ಕೈಯಲ್ಲೇ ಇರುವ ಒಂದು ದಾರಿಯನ್ನು ಶಾಸಕರ ಮುಂದೆ, ಓದುಗರ ಮುಂದೆ ಇಡುತ್ತೇನೆ. ಸೆಸ್‌ನಲ್ಲಿ ರಾಜ್ಯಕ್ಕೆ ಪಾಲಿರಲಿಲ್ಲ, ಜಿಎಸ್‌ಟಿಯಲ್ಲಿ ಇದೆ. ವಿದ್ಯುತ್ ಜಿಎಸ್‌ಟಿಯ ಹೊರಗಿರುವುದರಿಂದ ಉಷ್ಣ ಸ್ಥಾವರಗಳಿಗೆ ಕಲ್ಲಿದ್ದಲಿನ ತೆರಿಗೆ ವಾಪಸು ಸಿಗುವುದಿಲ್ಲ. ಹಾಗಾಗಿ ಸಿಂಗರೇಣಿಯಿಂದಲೋ ಒಡಿಶಾದಿಂದಲೋ ಬಂದು ರಾಯಚೂರು, ಬಳ್ಳಾರಿ, ಯರಮರಸ್‌ಗಳಲ್ಲಿ ಉರಿಯುವ ಕಲ್ಲಿದ್ದಲಿನ ಶೇ 18ರಲ್ಲಿ ಅರ್ಧ, ಎಂದರೆ ಶೇ 9, ನಿಯಮದಂತೆ ಕರ್ನಾಟಕದ ಖಜಾನೆಗೆ ಬರುತ್ತದೆ. ಟನ್ನಿಗೆ 2,000 ರೂಪಾಯಿ ಬೆಲೆಯಾದರೆ ಮೊದಲು ರಾಜ್ಯಕ್ಕೆ ಬರುತ್ತಿದ್ದದ್ದು 50 ರೂಪಾಯಿ, ಈಗ 180. ಈ ಹೆಚ್ಚುವರಿ 130 ರೂಪಾಯಿಯನ್ನು ಸಾಮಾನ್ಯ ಆದಾಯದಲ್ಲಿ ಕಲೆಯಲು ಬಿಡದೆ, ವಿಧಾನಮಂಡಲದಲ್ಲಿ ಕಾಯ್ದೆ ಮಾಡಿ ಪ್ರತ್ಯೇಕ ಹವಾಮಾನ ನಿಧಿಯಲ್ಲಿ ಇಡಬೇಕು. ಎಷ್ಟು ಬಂತು, ಯಾವ ತಾಲ್ಲೂಕಿನ ಯಾವ ಫೀಡರಿಗೆ, ಯಾವ ಕೆರೆಗೆ ಹೋಯಿತು ಎಂಬ ಲೆಕ್ಕ ಪ್ರತಿ ವರ್ಷ ಸದನದ ಮುಂದೆ ಬರಬೇಕು. ದಿಲ್ಲಿಯ ನಿಧಿಗೆ ಇಲ್ಲದೇ ಹೋದದ್ದು ಈ ಕಾವಲೇ. ಮುಂದಿನ ಬಜೆಟ್ಟಿಗೆ ಮುಂಚೆ ನಿಮ್ಮ ಶಾಸಕರು ಊರಿಗೆ ಬಂದಾಗ, ಕಲ್ಲಿದ್ದಲಿನ ಆ ಶೇ 9 ಎಲ್ಲಿಗೆ ಹೋಗುತ್ತಿದೆ ಎಂದು ದಯವಿಟ್ಟು ಕೇಳಿ.