ಉಗ್ರಾಣಕ್ಕೆ ಸುರುಳಿ ಬಾಗಿಲು: ಸ್ಪ್ರಿಂಗಿನ ಕೆಲಸವೇನು? ರೈತರು ಗಮನಿಸಬೇಕಾದ್ದೇನು?

ಬೆಳೆ ಬೆಳೆಯುವುದು ಎಷ್ಟು ಮುಖ್ಯವೋ ಬೆಳೆದದ್ದನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಮುಖ್ಯ. ಹಿಂದೆ ಹಗೇವು, ಕಣಜ, ವಾಡೆಗಳಲ್ಲಿ ಧಾನ್ಯ ತುಂಬಿಡುತ್ತಿದ್ದ ನಮ್ಮ ರೈತರು ಈಗ ಹೊಲದ ಬಳಿಯೇ ಉಗ್ರಾಣ ಕಟ್ಟಿಸುತ್ತಿದ್ದಾರೆ. ಧಾನ್ಯದ ಚೀಲ, ಟ್ರ್ಯಾಕ್ಟರು, ಟಿಲ್ಲರು, ಪಂಪುಸೆಟ್ಟಿನ ಸಾಮಾನು ಎಲ್ಲಕ್ಕೂ ಅದೇ ಆಸರೆ. ಇಂಥ ಉಗ್ರಾಣಗಳಿಗೆ ಹೆಚ್ಚಾಗಿ ಹಾಕಿಸುವುದು ಉಕ್ಕಿನ ಪಟ್ಟಿಗಳ ಸುರುಳಿ ಬಾಗಿಲು, ಅಂದರೆ ರೋಲಿಂಗ್ ಷಟರು.

ಕಳೆದ ಸುಗ್ಗಿಯಲ್ಲಿ ಒಂದು ಹಳ್ಳಿಗೆ ಹೋಗಿದ್ದಾಗ ಕಂಡ ದೃಶ್ಯವೇ ಈ ಲೇಖನಕ್ಕೆ ಕಾರಣ. ರಾಗಿ ತುಂಬಿದ ಉಗ್ರಾಣದ ಷಟರು ಅರ್ಧಕ್ಕೆ ನಿಂತುಬಿಟ್ಟಿತ್ತು. ಇಬ್ಬರು ಆಳುಗಳು ಅದರ ಕೆಳಗೆ ಹಾರೆ ಕೊಟ್ಟು ಮೀಟುತ್ತಿದ್ದರು. ಯಜಮಾನರು ಏಣಿ ಹತ್ತಿ, ಸ್ಪ್ಯಾನರು ಹಿಡಿದು, ಮೇಲಿನ ಬ್ರಾಕೆಟ್ಟಿನ ಬೋಲ್ಟು ಸಡಿಲಿಸಲು ಹೊರಟಿದ್ದರು. ಕೂಡಲೇ ಅವರನ್ನು ಕೆಳಗಿಳಿಸಬೇಕಾಯಿತು. ಆ ಬೋಲ್ಟು ಬಿಚ್ಚಿದ್ದರೆ ಏನಾಗುತ್ತಿತ್ತು ಎಂಬುದು ಬಾಗಿಲಿನ ಒಳಗಿನ ರಚನೆ ತಿಳಿದವರಿಗೆ ಮಾತ್ರ ಅರ್ಥವಾಗುತ್ತದೆ. ನಿತ್ಯ ಬಳಸುವ ಸಾಧನವಾದರೂ ಅದರ ಒಳಗಿನ ಕೆಲಸ ಬಹಳ ಮಂದಿಗೆ ತಿಳಿಯದು.

ಬಾಗಿಲಿನ ಭಾಗಗಳು

ಸುರುಳಿ ಬಾಗಿಲಿನಲ್ಲಿ ಮುಖ್ಯವಾಗಿ ಐದು ಭಾಗಗಳಿವೆ.

1. ಪರದೆ: ಸುಮಾರು 75ರಿಂದ 80 ಮಿ.ಮೀ. ಅಗಲದ ಉಕ್ಕಿನ ಪಟ್ಟಿಗಳನ್ನು ಒಂದರ ಅಂಚಿಗೆ ಇನ್ನೊಂದನ್ನು ಸಿಕ್ಕಿಸಿ ಮಾಡಿದ್ದು. ಅಂಚುಗಳು ಕೊಕ್ಕೆಯಂತೆ ಬಾಗಿರುವುದರಿಂದ ಪ್ರತಿ ಸಂದೂ ತಿರುಗಣೆಯಂತೆ ಮಡಿಯುತ್ತದೆ. ಹೀಗಾಗಿ ಗಟ್ಟಿ ಉಕ್ಕು ಚಾಪೆಯಂತೆ ಸುತ್ತಿಕೊಳ್ಳುತ್ತದೆ.

2. ಗೈಡು: ಎರಡೂ ಪಕ್ಕದಲ್ಲಿ ಗೋಡೆಗೆ ಹೂಡಿದ ಉಕ್ಕಿನ ದೋಣಿ. ಪಟ್ಟಿಗಳ ತುದಿ ಇದರೊಳಗೆ ಜಾರುತ್ತದೆ.

3. ದಂಡ: ಮೇಲೆ ಅಡ್ಡಲಾಗಿರುವ ಕೊಳವೆ. ಇದು ಎರಡು ಬ್ರಾಕೆಟ್ಟುಗಳ ಮೇಲೆ ಕುಳಿತಿರುತ್ತದೆ. ಇದರ ಸುತ್ತ ಇರುವ ಎರಕದ ಚಕ್ರಗಳಿಗೆ ಪರದೆಯ ಮೇಲಂಚನ್ನು ಬಿಗಿದಿರುತ್ತಾರೆ.

4. ಸ್ಪ್ರಿಂಗು: ಕೆಲವು ಬಾಗಿಲುಗಳಲ್ಲಿ ದಂಡದ ಸುತ್ತ ಸುರುಳಿಯಾದ ಉಕ್ಕಿನ ತಂತಿ, ಕೆಲವದರಲ್ಲಿ ಕೀಲಿ ಕೊಡುವ ಗಡಿಯಾರದಲ್ಲಿರುವಂಥ ಚಪ್ಪಟೆ ಪಟ್ಟಿ. ಇದರ ಒಂದು ತುದಿ ಅಲುಗದ ದಂಡಕ್ಕೂ ಇನ್ನೊಂದು ತುದಿ ತಿರುಗುವ ಚಕ್ರಕ್ಕೂ ಸೇರಿರುತ್ತದೆ.

5. ತಳಪಟ್ಟಿ ಮತ್ತು ಮೇಲ್ಮುಚ್ಚಳ: ತಳಪಟ್ಟಿಯಲ್ಲಿ ಹಿಡಿಕೆ, ಬೀಗದ ಕಿವಿ ಇರುತ್ತವೆ. ಸುತ್ತಿಕೊಂಡ ಪರದೆ ಮೇಲ್ಮುಚ್ಚಳದೊಳಗೆ ಅಡಗಿ ಕಣ್ಣಿಗೆ ಕಾಣದಂತಾಗುತ್ತದೆ.

ಇದು ತೀರ ಹೊಸ ಉಪಾಯವೇನೂ ಅಲ್ಲ. ಮರದ ಸಣ್ಣ ರೀಪುಗಳನ್ನು ದಪ್ಪ ಬಟ್ಟೆಗೆ ಅಂಟಿಸಿ, ಗಾಡಿಯಲ್ಲಿ ಜಾರಿ ಮರೆಯಾಗುವಂಥ ಮುಚ್ಚಳಗಳನ್ನು 18ನೆಯ ಶತಮಾನದಲ್ಲಿಯೇ ಫ್ರಾನ್ಸಿನ ಬಡಗಿಗಳು ಬರೆಯುವ ಮೇಜುಗಳಿಗೆ ಅಳವಡಿಸುತ್ತಿದ್ದರು. ಅಮೆರಿಕದ ಸ್ಟೂವರ್ಟ್ ಹಾರ್ಟ್ಸ್‌ಹಾರ್ನ್ 1864ರಲ್ಲಿ ಕಿಟಕಿಯ ಪರದೆಯನ್ನು ತಾನೇ ಮೇಲಕ್ಕೆ ಸುತ್ತಿಕೊಳ್ಳುವ ಸ್ಪ್ರಿಂಗಿನ ಉರುಳೆಗೆ ಹಕ್ಕುಪತ್ರ ಪಡೆದರು. ಬಟ್ಟೆಯ ಬದಲು ಉಕ್ಕು ಬಂದರೂ ತತ್ತ್ವ ಒಂದೇ.

ಸ್ಪ್ರಿಂಗು ಏಕೆ ಬೇಕು?

ಏತದಿಂದ ನೀರೆತ್ತಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಏತದ ಮರದ ಹಿಂಬದಿಗೆ ಕಲ್ಲು ಕಟ್ಟುವುದರಿಂದ ತುಂಬಿದ ಬಾನಿಯ ಭಾರದಲ್ಲಿ ಬಹುಪಾಲನ್ನು ಕಲ್ಲೇ ಎತ್ತುತ್ತದೆ. ಮನುಷ್ಯ ಉಳಿದಷ್ಟನ್ನು ಮಾತ್ರ ಎತ್ತಿದರೆ ಸಾಕು. ಷಟರಿನಲ್ಲಿ ಆ ಕಲ್ಲಿನ ಕೆಲಸವನ್ನು ಸ್ಪ್ರಿಂಗು ಮಾಡುತ್ತದೆ. ಬಾಗಿಲನ್ನು ಕೆಳಗೆ ಎಳೆದಾಗ ಸ್ಪ್ರಿಂಗು ಬಿಗಿಯುತ್ತದೆ. ಮೇಲಕ್ಕೆ ಎತ್ತುವಾಗ ಆ ಬಿಗಿ ಬಿಚ್ಚುತ್ತ ನಮಗೆ ನೆರವಾಗುತ್ತದೆ.

ಆದರೆ ಏತದ ಕಲ್ಲಿನ ತೂಕ ಬದಲಾಗುವುದಿಲ್ಲ. ಸ್ಪ್ರಿಂಗಿನ ಬಲವೋ ತಿರುಚಿದಷ್ಟೂ ಹೆಚ್ಚುತ್ತದೆ. ಎರಡರಷ್ಟು ತಿರುಚಿದರೆ ಎರಡರಷ್ಟು ಬಲ. ಈ ನಿಯಮವನ್ನು ರಾಬರ್ಟ್ ಹುಕ್ ಎಂಬ ಇಂಗ್ಲಿಷ್ ವಿಜ್ಞಾನಿ 1678ರಲ್ಲಿ ಪ್ರಕಟಿಸಿದನು. ಷಟರಿಗೆ ಇದು ಅನುಕೂಲವಾಗಿಯೇ ಇದೆ. ಬಾಗಿಲು ಪೂರ್ತಿ ಇಳಿದಾಗ ನೇತಾಡುವ ಭಾರ ಹೆಚ್ಚು, ಆಗ ಸ್ಪ್ರಿಂಗಿನ ಬಿಗಿಯೂ ಹೆಚ್ಚು. ಪೂರ್ತಿ ಏರಿದಾಗ ನೇತಾಡುವುದು ತಳಪಟ್ಟಿ ಮಾತ್ರ, ಆಗ ಬಿಗಿಯೂ ಕಡಿಮೆ.

ಒಂದು ಲೆಕ್ಕ

ಮೂರು ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಬಾಗಿಲನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪರದೆಯ ತೂಕ 75 ಕೆ.ಜಿ., ತಳಪಟ್ಟಿಯದು 15 ಕೆ.ಜಿ., ಒಟ್ಟು 90 ಕೆ.ಜಿ. ಎಂದಿಟ್ಟುಕೊಳ್ಳಿ. ಸುತ್ತುವ ಚಕ್ರದ ವ್ಯಾಸ 20 ಸೆಂ.ಮೀ. ಪ್ರತಿ ಸುತ್ತಿಗೂ ಸುರುಳಿ ಸುಮಾರು 2 ಸೆಂ.ಮೀ. ದಪ್ಪವಾಗುತ್ತದೆ. ಪೂರ್ತಿ ಬಾಗಿಲು ಸುಮಾರು ಮೂರು ಸುತ್ತಿನಲ್ಲಿ ಮೇಲಕ್ಕೆ ಸೇರುತ್ತದೆ.

ಗಾಣದ ಮರ ಉದ್ದವಿದ್ದಷ್ಟೂ ಎತ್ತಿಗೆ ಸುಲಭ ಎಂಬುದು ನಮಗೆ ಗೊತ್ತು. ತಿರುಗುವ ಬಲವೆಂದರೆ ಭಾರವನ್ನು ಅದರ ತೋಳಿನ ಉದ್ದದಿಂದ ಗುಣಿಸಿದ್ದು. ಇಲ್ಲಿ ತೋಳೆಂದರೆ ಸುರುಳಿಯ ನಡುವಿನಿಂದ ಅದರ ಹೊರ ಅಂಚಿನವರೆಗಿನ ದೂರ.

ಪೂರ್ತಿ ಇಳಿದಾಗ: 90 ಕೆ.ಜಿ. ಭಾರ, 0.10 ಮೀಟರು ತೋಳು. ಬೇಕಾದ ಬಲ 9 ಕೆ.ಜಿ.-ಮೀಟರು.

ಪೂರ್ತಿ ಏರಿದಾಗ: 15 ಕೆ.ಜಿ. ಭಾರ, ಸುರುಳಿ ದಪ್ಪವಾಗಿರುವುದರಿಂದ ತೋಳು 0.16 ಮೀಟರು. ಬೇಕಾದ ಬಲ 2.4 ಕೆ.ಜಿ.-ಮೀಟರು.

ಈ ಎರಡು ತುದಿಗಳಿಗೆ ಸರಿಹೊಂದುವ ಸ್ಪ್ರಿಂಗು ಒಂದು ಸುತ್ತಿಗೆ 2.2 ಕೆ.ಜಿ.-ಮೀಟರಿನಂತೆ ಬಲ ಕೊಡಬೇಕು. ಬಾಗಿಲು ಮೇಲಿರುವಾಗಲೂ 2.4 ಕೆ.ಜಿ.-ಮೀಟರು ಬೇಕಾದ್ದರಿಂದ ಜೋಡಿಸುವಾಗಲೇ ಅದಕ್ಕೆ ಒಂದು ಸುತ್ತಿಗಿಂತ ತುಸು ಹೆಚ್ಚು ಬಿಗಿ ಕೊಟ್ಟಿರಬೇಕು. ಇದನ್ನು ಮುಂಬಿಗಿ ಎನ್ನೋಣ. ಬಾಗಿಲು ಎಷ್ಟೇ ಮೇಲಿದ್ದರೂ ಸ್ಪ್ರಿಂಗಿನಲ್ಲಿ ಈ ಮುಂಬಿಗಿ ಉಳಿದೇ ಇರುತ್ತದೆ ಎಂಬುದನ್ನು ನೆನಪಿಡಿ.

ಇನ್ನು ನಡುಮಟ್ಟವನ್ನು ನೋಡೋಣ. ಬಾಗಿಲು ಅರ್ಧ ಏರಿದಾಗ ನೇತಾಡುವ ಭಾರ 52.5 ಕೆ.ಜಿ., ತೋಳು ಸುಮಾರು 0.134 ಮೀಟರು. ಬೇಕಾದ ಬಲ 7 ಕೆ.ಜಿ.-ಮೀಟರು. ಆದರೆ ಅಲ್ಲಿ ಸ್ಪ್ರಿಂಗು ಕೊಡುವುದು ಸುಮಾರು 5.3 ಮಾತ್ರ. ಕೊರತೆಯನ್ನು ನಮ್ಮ ತೋಳು ತುಂಬಬೇಕು. ಅದು ಸುಮಾರು 13 ಕೆ.ಜಿ. ಎತ್ತಿದಷ್ಟಾಗುತ್ತದೆ. ಷಟರು ನಡುವಿನಲ್ಲಿ ಭಾರವೆನಿಸುವುದಕ್ಕೂ ಕೈಬಿಟ್ಟರೆ ಕೆಳಕ್ಕೆ ಜಾರುವುದಕ್ಕೂ ಇದೇ ಕಾರಣ. ಸುರುಳಿ ದಪ್ಪವಾಗುತ್ತ ಹೋಗುವುದರಿಂದ ಎಲ್ಲ ಮಟ್ಟದಲ್ಲಿಯೂ ಸರಿಸಮನಾದ ತೂಕ ಸಿಗಲಾರದು.

ಹಾಗಾದರೆ ಮುಂಬಿಗಿಯನ್ನು ಇನ್ನು ಅರ್ಧ ಸುತ್ತು ಹೆಚ್ಚಿಸಿದರೆ? ನಡುವಿನ ಕೊರತೆ 13ರಿಂದ 4.5 ಕೆ.ಜಿ.ಗೆ ಇಳಿಯುತ್ತದೆ. ಆದರೆ ತಳದಲ್ಲಿ ಬಾಗಿಲು 11 ಕೆ.ಜಿ. ಬಲದಿಂದ ತಾನೇ ಮೇಲೇಳಲು ನೋಡುತ್ತದೆ. ಚಿಲಕ ಹಾಕದಿದ್ದರೆ ನೆಲಕ್ಕೆ ಕೂರುವುದಿಲ್ಲ. ಮೇಲ್ತುದಿಯಲ್ಲಿಯೂ ಸುಮಾರು 7 ಕೆ.ಜಿ. ಬಲದಿಂದ ತಡೆಗೆ ಹೋಗಿ ಬಡಿಯುತ್ತದೆ. ಆದ್ದರಿಂದ ಒಳ್ಳೆಯ ಕೆಲಸಗಾರನು ನಡುವಿನ ಭಾರವನ್ನೂ ತಳದ ಎಳೆತವನ್ನೂ ತೂಗಿ, ಎರಡೂ ಮಿತಿಯಲ್ಲಿರುವಂತೆ ಬಿಗಿ ಕೊಡುತ್ತಾನೆ. ಬಾಗಿಲು ಹಾಕಿಸಿಕೊಳ್ಳುವಾಗ ತಳ, ನಡು, ತುದಿ ಮೂರೂ ಕಡೆ ನಿಲ್ಲಿಸಿ, ನೀವೇ ಕೈಯಿಂದ ಎತ್ತಿಳಿಸಿ ನೋಡಿ ಒಪ್ಪಿಕೊಳ್ಳಬೇಕು.

ಅಡಗಿರುವ ಅಪಾಯ

ಈ ಬಾಗಿಲು ಪೂರ್ತಿ ಇಳಿದಾಗ ಸ್ಪ್ರಿಂಗು ಸುಮಾರು ನಾಲ್ಕು ಸುತ್ತು ಬಿಗಿದಿರುತ್ತದೆ. ಅದರಲ್ಲಿ ಅಡಗಿರುವ ಶಕ್ತಿ ಸುಮಾರು 115 ಕೆ.ಜಿ.-ಮೀಟರು. ಅಂದರೆ 50 ಕೆ.ಜಿ. ಡಿ.ಎ.ಪಿ. ಚೀಲವನ್ನು ಎರಡು ಮೀಟರಿಗೂ ಮೇಲಿನಿಂದ ಬೀಳಿಸಿದಷ್ಟು! ಲೇಖನದ ಮೊದಲಲ್ಲಿ ಹೇಳಿದ ಯಜಮಾನರು ಬ್ರಾಕೆಟ್ಟಿನ ಬೋಲ್ಟು ಬಿಚ್ಚಿದ್ದರೆ ದಂಡ ಸಡಿಲವಾಗಿ, ಸ್ಪ್ರಿಂಗು ಒಮ್ಮೆಗೇ ಬಿಚ್ಚಿಕೊಂಡು ಅವರ ಕೈಯನ್ನು ಮುರಿಯಬಹುದಿತ್ತು. ಅರ್ಧ ನೇತಾಡುತ್ತಿದ್ದ ಪರದೆ ಕೆಳಗಿದ್ದ ಆಳುಗಳ ಮೇಲೆ ಬೀಳಬಹುದಿತ್ತು. ಆದುದರಿಂದ:

* ಬಾಗಿಲು ಇಳಿದಿರುವಾಗ ಅಥವಾ ಅರ್ಧದಲ್ಲಿರುವಾಗ ದಂಡ, ಬ್ರಾಕೆಟ್ಟು, ಚಕ್ರಗಳ ಬೋಲ್ಟನ್ನು ಎಂದಿಗೂ ಮುಟ್ಟಕೂಡದು. ಪೂರ್ತಿ ಏರಿಸಿದ ಮೇಲೂ ಮುಂಬಿಗಿ ಉಳಿದಿರುತ್ತದೆ. ಈ ಕೆಲಸವನ್ನು ಬಲ್ಲ ಮೆಕ್ಯಾನಿಕ್ಕಿಗೇ ಬಿಡುವುದು ಕ್ಷೇಮ.

* ಮೂರು ಮೀಟರು ಅಗಲದ ಬಾಗಿಲಿನಲ್ಲಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸ್ಪ್ರಿಂಗುಗಳಿರುತ್ತವೆ. ನಿನ್ನೆಯವರೆಗೆ ಹಗುರವಾಗಿದ್ದ ಬಾಗಿಲು ಇಂದು ಇದ್ದಕ್ಕಿದ್ದಂತೆ ಭಾರವಾದರೆ ಅವುಗಳಲ್ಲಿ ಒಂದು ಮುರಿದಿರಬಹುದು. ಹಾರೆಯಿಂದ ಮೀಟದೆ ಬಳಕೆ ನಿಲ್ಲಿಸಿ.

* ಸುಗ್ಗಿಯಲ್ಲಿ ದಿನವಿಡೀ ಬಾಗಿಲು ತೆರೆದಿಡಬೇಕಾದಾಗ ಸ್ಪ್ರಿಂಗನ್ನೇ ನಂಬಬೇಡಿ. ತಳಪಟ್ಟಿಯ ಕೆಳಗೆ ಎರಡೂ ಗೈಡಿಗೆ ರಂಧ್ರ ಕೊರೆಸಿ ಕಬ್ಬಿಣದ ಗೂಟ ಸಿಕ್ಕಿಸಿ. ಇದಕ್ಕೆ ತಗಲುವ ಖರ್ಚು ಅತ್ಯಲ್ಪ.

* ಮಕ್ಕಳು ತಳಪಟ್ಟಿಗೆ ಜೋತುಬಿದ್ದು ಆಡದಂತೆ ನೋಡಿಕೊಳ್ಳಬೇಕು. ಮಡಿಯುವ ಪಟ್ಟಿಗಳ ಸಂದಿಗೆ ಬೆರಳು ಸಿಕ್ಕಿದರೆ ಜಜ್ಜಿಹೋಗುತ್ತದೆ.

ಕಟ್ಟಿಸುವಾಗ

ಮೇಲಿನ ಉದಾಹರಣೆಯ ಸುರುಳಿ ಪೂರ್ತಿ ಸುತ್ತಿದಾಗ 32 ಸೆಂ.ಮೀ. ವ್ಯಾಸದ್ದಾಗುತ್ತದೆ. ಆದ್ದರಿಂದ ಬಾಗಿಲಿನ ಮೇಲೆ 40ರಿಂದ 45 ಸೆಂ.ಮೀ. ಜಾಗ ಬಿಡಬೇಕು. ಇದನ್ನು ಮರೆತು ಸೂರನ್ನು ತಗ್ಗಿಸಿ ಕಟ್ಟಿದರೆ ಮುಂದೆ ಬಾಗಿಲಿನ ಎತ್ತರವನ್ನೇ ಕುಗ್ಗಿಸಬೇಕಾಗುತ್ತದೆ, ಟ್ರ್ಯಾಕ್ಟರು ಒಳಗೆ ಹೋಗದು.

ಬಾಗಿಲಿನ ಇಡೀ ಭಾರ ಎರಡು ಬ್ರಾಕೆಟ್ಟುಗಳ ಮೇಲೆ ಬೀಳುತ್ತದೆ. ಮಣ್ಣಿನ ಗೋಡೆಗೆ ಅಥವಾ ಬಿರುಕು ಬಿಟ್ಟ ಇಟ್ಟಿಗೆಗೆ ಅವನ್ನು ಹೂಡಕೂಡದು. ಕಾಂಕ್ರೀಟು ಕಂಬ ಅಥವಾ ತೊಲೆ ಇರಬೇಕು. ಎರಡೂ ಗೈಡುಗಳು ತೂಗುಗುಂಡಿಗೆ ನೆಟ್ಟಗಿರಬೇಕು. ಒಂದು ಓರೆಯಾದರೂ ಪರದೆ ಸಿಕ್ಕಿಬೀಳುತ್ತದೆ.

ಮೂರೂವರೆ ಮೀಟರು ಅಗಲದವರೆಗೆ 0.9 ಮಿ.ಮೀ. ದಪ್ಪದ ಪಟ್ಟಿಯೂ, ಅದಕ್ಕೂ ಅಗಲವಾದರೆ 1.25 ಮಿ.ಮೀ. ದಪ್ಪದ್ದೂ ರೂಢಿಯಲ್ಲಿವೆ. ಕೈಯಿಂದ ಎತ್ತುವ ಬಾಗಿಲು 8ರಿಂದ 10 ಚದರ ಮೀಟರು ಮೀರದಿದ್ದರೆ ಒಳ್ಳೆಯದು. ಅದಕ್ಕೂ ದೊಡ್ಡದಕ್ಕೆ ಬಾಲ್ ಬೇರಿಂಗು, ಇನ್ನೂ ದೊಡ್ಡದಕ್ಕೆ ಹಲ್ಲುಚಕ್ರ ಮತ್ತು ಸರಪಣಿ ಬೇಕು. ಇಂಥ ಬಾಗಿಲುಗಳಿಗೆ ಐ.ಎಸ್. 6248 ಎಂಬ ಭಾರತೀಯ ಮಾನಕವಿದೆ. ಮಾಲು ಕೊಳ್ಳುವಾಗ ಅದಕ್ಕೆ ಅನುಗುಣವಾಗಿದೆಯೇ ಎಂದು ಕೇಳಿ. ಮುಂಗಾರಿನ ಗಾಳಿಮಳೆ ಪಶ್ಚಿಮ ಮತ್ತು ನೈಋತ್ಯದಿಂದ ಬಡಿಯುವ ಕಡೆಗಳಲ್ಲಿ ಬಾಗಿಲನ್ನು ಆ ದಿಕ್ಕಿಗೆ ಇಡದಿರುವುದು ಲೇಸು. ಅಗಲವಾದ ಪರದೆ ಗಾಳಿಗೆ ಉಬ್ಬಿ ಗೈಡಿನಿಂದ ಕಳಚುವುದುಂಟು.

ಇಲಿ ಮತ್ತು ತೇವ

ಸುರುಳಿ ಬಾಗಿಲು ಕಳ್ಳನನ್ನು ತಡೆಯುತ್ತದೆ. ಇಲಿಯನ್ನು ತಾನಾಗಿ ತಡೆಯುವುದಿಲ್ಲ. ಚಿಟ್ಟಿಲಿಗೆ 6 ಮಿ.ಮೀ. ಸಂದು ಸಾಕು, ಹೆಗ್ಗಣದ ಮರಿಗೆ 12 ಮಿ.ಮೀ. ಸಾಕು. ತಳಪಟ್ಟಿ ಕೂರುವ ಜಾಗದಲ್ಲಿ ನೆಲವನ್ನು ಮಟ್ಟಸವಾಗಿ ಗಾರೆ ಮಾಡಿ ಕಬ್ಬಿಣದ ಕೋನಪಟ್ಟಿ ಹೂಡಿಸಬೇಕು. ಬರಿಯ ರಬ್ಬರು ಪಟ್ಟಿಯನ್ನು ಇಲಿ ಕಡಿದುಹಾಕುತ್ತದೆ. ಮೇಲ್ಮುಚ್ಚಳ ಮತ್ತು ತೊಲೆಯ ನಡುವಿನ ಸಂದನ್ನು ತಗಡಿನಿಂದ ಮುಚ್ಚಬೇಕು. ಮನೆಬಳಕೆಯ ಧಾನ್ಯಕ್ಕಷ್ಟೇ ಸಣ್ಣ ಕೋಣೆಯಾದರೆ, ಕೆಳ ಅಂಚಿಗೆ ತಗಡು ಹೊಡೆದ ಮರದ ಬಾಗಿಲೇ ಹೆಚ್ಚು ಬಿಗಿ. ಅಂಥ ಕಡೆ ಷಟರಿಗೆ ಹಣ ಹಾಕುವ ಅಗತ್ಯವಿಲ್ಲ.

ಷಟರು ಗಾಳಿ ಆಡದಷ್ಟು ಬಿಗಿಯಾಗಿ ಮುಚ್ಚುವುದಿಲ್ಲ. ಆದ್ದರಿಂದ ಬಾಗಿಲು ಇಳಿಸಿ ಉಗ್ರಾಣಕ್ಕೆ ವಿಷಾನಿಲ ಬಿಡುವುದು ಜೀವಕ್ಕೆ ಅಪಾಯ. ಕೀಟಕ್ಕೂ ಅದು ಪೂರ್ತಿ ತಾಗದು. ಆ ಕೆಲಸವನ್ನು ಪರವಾನಗಿ ಪಡೆದ ತಜ್ಞರು, ಅನಿಲ ಸೋರದ ಹೊದಿಕೆಯ ಕೆಳಗೆ ಮಾಡಬೇಕು.

ಉಕ್ಕಿನ ಪರದೆ ರಾತ್ರಿ ತಣ್ಣಗಾದಾಗ ಅದರ ಒಳಮೈಯಲ್ಲಿ ನೀರು ಹನಿಗಟ್ಟುತ್ತದೆ. ಧಾನ್ಯದ ತೇವಾಂಶ ಶೇಕಡ 12ಕ್ಕೆ ಮೀರದಂತೆ ಒಣಗಿಸಿ, ಚೀಲಗಳನ್ನು ಹಲಗೆಯ ಮೇಲೆ, ಬಾಗಿಲಿನಿಂದ ಎರಡಡಿ ದೂರ ಜೋಡಿಸಿ. ಗೊಬ್ಬರವನ್ನಂತೂ ಷಟರಿಗೆ ತಾಗಿಸಿ ಇಡಲೇಬಾರದು. ಪೊಟ್ಯಾಷು, ಯೂರಿಯಾ ಮುಂತಾದವು ಗಾಳಿಯ ತೇವವನ್ನು ಹೀರಿ ಉಪ್ಪುನೀರಾಗಿ ಪಟ್ಟಿ, ಗೈಡುಗಳನ್ನು ತಿನ್ನುತ್ತವೆ. ತುಕ್ಕು ಹಿಡಿದ ಸ್ಪ್ರಿಂಗು ಮುನ್ಸೂಚನೆ ಕೊಡದೆ ಮುರಿಯುತ್ತದೆ.

ವರ್ಷಕ್ಕೆರಡು ಬಾರಿ

ಮುಂಗಾರಿಗೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ಬಾಗಿಲನ್ನು ನೋಡಿಕೊಂಡರೆ ಸಾಕು. ಗೈಡಿನೊಳಗಿನ ದೂಳು, ಹೊಟ್ಟು, ಜೇಡರ ಬಲೆ ತೆಗೆದು ಬಟ್ಟೆಯಿಂದ ಒರೆಸಿ. ಒಕ್ಕಣೆಯ ದೂಳಿರುವ ಕಡೆ ಗೈಡಿಗೆ ಗಟ್ಟಿ ಗ್ರೀಸು ಬೇಡ. ದೂಳು ಸೇರಿ ಕೆಸರಿನಂತಾಗಿ ಹಿಡಿಯುತ್ತದೆ. ಮೇಣ ಅಥವಾ ಗ್ರಾಫೈಟು ಪುಡಿ ಉಜ್ಜಿದರೆ ಸಾಕು. ತುಕ್ಕು ಕಂಡಲ್ಲಿ ಉಜ್ಜಿ ರೆಡ್ ಆಕ್ಸೈಡ್ ಬಳಿದು ಬಣ್ಣ ಹಚ್ಚಿ. ಸ್ಪ್ರಿಂಗಿಗೆ ತೆಳು ಎಣ್ಣೆ ಬೇಕಾದರೂ ಮೇಲ್ಮುಚ್ಚಳ ತೆಗೆಯುವ ಕೆಲಸವನ್ನು ಮೆಕ್ಯಾನಿಕ್ಕಿಗೇ ಹೇಳಿ.

ಆ ಹಳ್ಳಿಯ ಬಾಗಿಲನ್ನು ಮರುದಿನ ಮೆಕ್ಯಾನಿಕ್ಕು ಬಂದು ನೋಡಿದಾಗ, ಎರಡು ಸ್ಪ್ರಿಂಗುಗಳಲ್ಲಿ ಒಂದು ತುಕ್ಕಿನಿಂದ ಮುರಿದಿತ್ತು. ಬಾಗಿಲಿನ ಪಕ್ಕದಲ್ಲೇ ಪೊಟ್ಯಾಷು ಚೀಲಗಳಿದ್ದವು. ಚೀಲಗಳ ಜಾಗ ಬದಲಾಯಿತು, ಗೈಡಿಗೆ ಎರಡು ಗೂಟಗಳೂ ಬಂದವು. ರೈತ ಬಾಂಧವರು ತಮ್ಮ ಉಗ್ರಾಣದ ಬಾಗಿಲನ್ನೂ ಒಮ್ಮೆ ಹೀಗೆ ಪರೀಕ್ಷಿಸಿಕೊಂಡರೆ ದುಡಿದು ಬೆಳೆದ ಕಾಳಿಗೂ ದುಡಿಯುವ ಕೈಗಳಿಗೂ ಕ್ಷೇಮ.