ಪಾಕ ಮನೆಯದ್ದು, ಗೋಡೆ ಊರಿನದ್ದು

2025ರ ಮೇ ತಿಂಗಳು ನೆನಪಿದೆಯಾ? ಗಡಿಯಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ. ಅದೇ ಹೊತ್ತಿಗೆ ಜೈಪುರದ ಸಿಹಿ ಅಂಗಡಿಯವರು ಮೈಸೂರ್ ಪಾಕ್‌ಗೆ 'ಮೈಸೂರ್ ಶ್ರೀ' ಅಂತ ಹೊಸ ನಾಮಕರಣ ಮಾಡಿಬಿಟ್ಟರು. 'ಪಾಕ್' ಅನ್ನೋ ಶಬ್ದ ನಾಲಿಗೆ ಮೇಲೆ ಬರಬಾರದಂತೆ! ನಗಬೇಕೋ ಅಳಬೇಕೋ ನೀವೇ ಹೇಳಿ. ಸ್ವಾಮಿ, ನಮ್ಮ ಪಾಕಕ್ಕೂ ಆ ದೇಶಕ್ಕೂ ಏನು ಸಂಬಂಧ? ನಳಪಾಕ, ಪಾಕಶಾಲೆ, ಬೆಲ್ಲದ ಪಾಕ, ಎಳೆಪಾಕ... ದಿನಾ ಬಳಸೋ ಮಾತು ಇದು.

ಈ ಸುದ್ದಿ ಎರಡು ದಿನ ಎಲ್ಲ ಚಾನೆಲ್‌ಗಳಲ್ಲೂ ಓಡಿತು. ಹೆಸರು ಬದಲಿಸೋದು ಸರಿಯಲ್ಲ ಅಂತ ಮೈಸೂರಿನ ಒಂದು ಕುಟುಂಬವೂ ಹೇಳಿತು. ಹೇಳೋ ಹಕ್ಕು ಅವರಿಗಿತ್ತು, ಯಾಕಂದ್ರೆ ಅವರು ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರು. ಹೆಸರಿನ ಜಗಳ ಅಲ್ಲಿಗೆ ಮುಗೀತು. ಆದರೆ ಆ ಕುಟುಂಬದ ಅಂಗಡಿ ಇರೋ ಕಟ್ಟಡದ ಕಥೆ ಇದೆಯಲ್ಲ, ಅದನ್ನ ಎರಡು ದಿನವಾದರೂ ಕೂತು ಮಾತಾಡಿದವರು ಎಷ್ಟು ಜನ?

ಮೊದಲು ಜಾಗ ಅರ್ಥ ಮಾಡಿಕೊಳ್ಳೋಣ. ಚಾಮುಂಡಿ ಬೆಟ್ಟದ ಮೇಲೆ ನಿಂತು ಊರು ನೋಡಿ. ಮೊದಲು ಕಣ್ಣಿಗೆ ಬೀಳೋದು ಅರಮನೆ. ಅದರಾಚೆ ಕೆ.ಆರ್. ವೃತ್ತ. ಅಲ್ಲಿಂದ ಉತ್ತರಕ್ಕೆ ಸಯ್ಯಾಜಿ ರಾವ್ ರಸ್ತೆ. ಆ ರಸ್ತೆಯ ಎಡಕ್ಕೆ, ಚಿಕ್ಕ ಗಡಿಯಾರದಿಂದ ಧನ್ವಂತರಿ ರಸ್ತೆವರೆಗೂ ಉದ್ದಕ್ಕೆ ಚಾಚಿಕೊಂಡಿರೋದೇ ದೇವರಾಜ ಮಾರುಕಟ್ಟೆ. ಅದಕ್ಕಿರೋದು ದೊಡ್ಡ ದೇವರಾಜ ಒಡೆಯರ ಹೆಸರು. ನೀವು ಬೆಟ್ಟಕ್ಕೆ ಹತ್ತೋ ಸಾವಿರ ಮೆಟ್ಟಿಲು, ನಡುದಾರಿಯಲ್ಲಿ ಕೈ ಮುಗಿಯೋ ಆ ದೊಡ್ಡ ನಂದಿ, ಎರಡೂ 17ನೇ ಶತಮಾನದ ಅದೇ ಅರಸರ ಕಾಲದವು. ಬೆಟ್ಟವನ್ನ ನಾವು ಪೂಜಿಸ್ತೀವಿ, ಸರಿ. ಅದೇ ಅರಸರ ಹೆಸರಿನ ಮಾರುಕಟ್ಟೆ?

ಈ ಮಾರುಕಟ್ಟೆಯ ಹೊರಸಾಲಿನಲ್ಲಿ, ಸಯ್ಯಾಜಿ ರಾವ್ ರಸ್ತೆಗೆ ಮುಖ ಮಾಡಿ ಇರೋದೇ ಗುರು ಸ್ವೀಟ್ ಮಾರ್ಟ್. ಪುಟ್ಟ ಅಂಗಡಿ. ಕೂತು ತಿನ್ನೋಕೆ ಮೇಜು ಕುರ್ಚಿ ಇಲ್ಲ, ನಿಂತೇ ಕೊಳ್ಳಬೇಕು. ಆದರೂ ಮುಂದೆ ಯಾವಾಗಲೂ ಜನ.

ಮನೆತನದವರೂ ಊರೂ ಹೇಳೋ ಕಥೆ ಹೀಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರು ಊಟಕ್ಕೆ ಕೂರೋ ಹೊತ್ತು. ಎಲೆಗೆ ಬಡಿಸೋಕೆ ಸಿಹಿ ಇಲ್ಲ. ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಸೇರಿಸಿ ಏನೋ ಮಾಡಿ ಬಡಿಸಿದರು. ದೊರೆಗೆ ರುಚಿ ಹಿಡಿಸಿತು. ಹೆಸರೇನು ಅಂತ ಕೇಳಿದಾಗ ಹೊಳೆದದ್ದು 'ಮೈಸೂರು ಪಾಕ'. ಆಮೇಲೆ ಊರಿನವರಿಗೂ ಇದು ಸಿಗಲಿ ಅನ್ನೋ ಅರಸರ ಇಚ್ಛೆಯಂತೆ ಅಶೋಕ ರಸ್ತೆಯಲ್ಲಿ ದೇಶಿಕೇಂದ್ರ ಸ್ವೀಟ್ಸ್ ಶುರುವಾಯಿತು. ಮುಂದಿನ ಪೀಳಿಗೆಯವರು ಸಯ್ಯಾಜಿ ರಾವ್ ರಸ್ತೆಗೆ ಬಂದರು. ಈಗ ಮರಿಮಕ್ಕಳ ಕಾಲ.

ಸಾಮಾನು ಮೂರೇ. ಹಾಗಾದ್ರೆ ಗುಟ್ಟೆಲ್ಲಿದೆ? ಹದದಲ್ಲಿ. ಸಕ್ಕರೆ ಎಳೆಪಾಕಕ್ಕೆ ಬರಬೇಕು. ಹಿಟ್ಟು ಗಂಟಾಗದ ಹಾಗೆ ಕೂಡಿಸಬೇಕು. ಇನ್ನೊಂದು ಒಲೆಯ ಮೇಲೆ ತುಪ್ಪ ಕಾಯ್ತಾ ಇರಬೇಕು. ಆ ಬಿಸಿ ತುಪ್ಪವನ್ನ ಸೌಟು ಸೌಟಾಗಿ ಹಾಕಿದಾಗ ಹಿಟ್ಟು ಒಳಗೊಳಗೇ ಹುರಿದು, ನೊರೆ ಉಕ್ಕಿ, ಗೂಡು ಗೂಡಾಗುತ್ತೆ. ಇಳಿಸೋದು ಅರೆ ನಿಮಿಷ ತಡವಾದರೆ ಕಲ್ಲು, ಬೇಗ ಇಳಿಸಿದರೆ ಹಲ್ವ. ಇದನ್ನ ಬರೆದುಕೊಟ್ಟರೆ ಬರೋಲ್ಲ, ಒಲೆ ಮುಂದೆ ನಿಂತು ಅಪ್ಪನಿಂದ ಮಗ ಕಲೀಬೇಕು. 2023ರಲ್ಲಿ ಟೇಸ್ಟ್‌ಅಟ್ಲಾಸ್‌ನವರು ಜಗತ್ತಿನ ಬೀದಿ ಸಿಹಿಗಳ ಪಟ್ಟಿಯಲ್ಲಿ ಮೈಸೂರ್ ಪಾಕ್‌ಗೆ 14ನೇ ಸ್ಥಾನ ಕೊಟ್ಟರು. ನಾವೆಲ್ಲ ಎದೆ ತಟ್ಟಿಕೊಂಡೆವು.

ಈಗ ಕಟ್ಟಡಕ್ಕೆ ಬರೋಣ. ಮಾರುಕಟ್ಟೆ ಕಟ್ಟಿದ್ದು 10ನೇ ಚಾಮರಾಜ ಒಡೆಯರ ಕಾಲದಲ್ಲಿ, 1886ರ ಸುಮಾರಿಗೆ. ಡಫರಿನ್ ಬಂದದ್ದರ ನೆನಪಿಗೆ ಪಕ್ಕದಲ್ಲೇ ಚಿಕ್ಕ ಗಡಿಯಾರ ಎದ್ದದ್ದೂ ಆಗಲೇ. ಆಮೇಲೆ ಹಂತ ಹಂತವಾಗಿ ಬೆಳೆದು, 1925ರ ಹೊತ್ತಿಗೆ ಈಗಿನ ರೂಪಕ್ಕೆ ಬಂತು. ಹೂವು, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮದ ರಾಶಿ. ಆಷಾಢ ಶುಕ್ರವಾರ ಬಂತು ಅಂದ್ರೆ ತಾಯಿಗೆ ಅಂತ ಮೈಸೂರಿನವರು ಹೂವು ಕೊಳ್ಳೋದು ಇಲ್ಲೇ.

ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮದ್ರಾಸ್ ತಾರಸಿ. ಅಂದ್ರೆ ಮರದ ತೊಲೆಗಳ ಮೇಲೆ ಇಟ್ಟಿಗೆಯನ್ನ ಸುಣ್ಣದಲ್ಲಿ ಕೂರಿಸಿ ಮಾಡಿದ ಚಾವಣಿ. ನೋಡಿಕೊಂಡರೆ ನೂರಾರು ವರ್ಷ ಬಾಳುತ್ತೆ. ನೋಡಿಕೊಳ್ಳದಿದ್ದರೆ? ಮಳೆ ನೀರು ಇಳಿಯುತ್ತೆ, ತೊಲೆ ಒಳಗೇ ಕೊಳೆಯುತ್ತೆ, ಕೆಳಗಿದ್ದವರಿಗೆ ಕಾಣೋಲ್ಲ. ಬಿರುಕಲ್ಲಿ ಅರಳಿ ಗಿಡ ಬೇರು ಬಿಡುತ್ತೆ. ಅದರ ಮೇಲೆ ಯಾರೋ ಸಿಮೆಂಟ್ ಬಳಿದರೆ, ಸುಣ್ಣದ ಗೋಡೆಗೆ ಉಸಿರಾಡೋಕೆ ಜಾಗವೇ ಇಲ್ಲದೆ ತೇವ ಒಳಗೇ ಉಳಿದು ಇಟ್ಟಿಗೆ ಪುಡಿಯಾಗುತ್ತೆ.

ಇದರ ಬೆಲೆ ಏನು ಅಂತ ಮೈಸೂರಿಗೆ ಗೊತ್ತಾಗಿದ್ದು 2012ರ ಆಗಸ್ಟ್ 25ರಂದು. ಕೂಗಳತೆ ದೂರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಪಾಠ ಕಲಿತೆವಾ? ಸರಿಯಾಗಿ ನಾಲ್ಕು ವರ್ಷ. 2016ರ ಆಗಸ್ಟ್ 28ರಂದು ಧನ್ವಂತರಿ ರಸ್ತೆ ಕಡೆಯ ದೇವರಾಜ ಮಾರುಕಟ್ಟೆ ದ್ವಾರವೇ ಉರುಳಿತು. ಪ್ರಾಣಹಾನಿ ಆಗಲಿಲ್ಲ, ತಾಯಿ ಕಾಪಾಡಿದಳು ಅಂತ ಜನ ಬೆಟ್ಟದ ಕಡೆ ಕೈ ಮುಗಿದರು. ಆಮೇಲೆ ಶುರುವಾಯಿತು ಸಮಿತಿ ಮೇಲೆ ಸಮಿತಿ. ಕೆಡವಿ ಅದೇ ಮಾದರಿಯಲ್ಲಿ ಹೊಸದು ಕಟ್ಟಿ ಅಂತ ಒಂದು ವಾದ. ಗೋಡೆ ಗಟ್ಟಿಯಿದೆ, ದುರಸ್ತಿ ಸಾಕು ಅಂತ ಪಾರಂಪರಿಕ ತಜ್ಞರ ವಾದ. ವ್ಯಾಜ್ಯ ಹೈಕೋರ್ಟ್‌ವರೆಗೂ ಹೋಯಿತು.

ನನಗೆ ಅನ್ನಿಸೋದನ್ನ ನೇರವಾಗಿ ಹೇಳ್ತೀನಿ. ಜಗಳ ಕೆಡವೋದಾ ಉಳಿಸೋದಾ ಅಂತ ನಡೀತಿದೆ. ಕೇಳಬೇಕಾದ ಪ್ರಶ್ನೆ ಅದಕ್ಕೂ ಮೊದಲಿನದು. ಈ ಕಟ್ಟಡ ಅಂಗಡಿಯವರದ್ದಲ್ಲ, ಪಾಲಿಕೆಯದ್ದು. ಬಾಡಿಗೆ ಹೋಗೋದು ಪಾಲಿಕೆಗೆ. ಹೀಗಿರುವಾಗ ಚಾವಣಿ ಸೋರಿದರೆ ಹೊಣೆ ಯಾರದು? ಒಂದು ಕುಟುಂಬ ನಾಲ್ಕು ತಲೆಮಾರು ಪಾಕದ ಹದ ಕಾಪಾಡಿಕೊಂಡು ಬಂತು. ನಾವು, ಅಂದ್ರೆ ಊರು, ಒಂದು ತಾರಸಿಯ ಹದ ಕಾಪಾಡೋಕೆ ಆಗಲಿಲ್ಲ!

ಕೆಡವಿದರೆ ಗುರು ಸ್ವೀಟ್ಸ್ ಹೇಗೋ ಬದುಕುತ್ತೆ ಬಿಡಿ, ಅದಕ್ಕೆ ಹೆಸರಿದೆ. ಆದರೆ ಒಳಗಿನ ಹೂವಿನವರು, ಎಲೆಯವರು, ಊದುಬತ್ತಿಯವರು? ಅವರ ವ್ಯಾಪಾರ ಆ ಜಾಗಕ್ಕೆ ಅಂಟಿಕೊಂಡಿದೆ. ಎರಡು ವರ್ಷ ಬೇರೆ ಕಡೆ ಕೂರಿಸಿದರೆ ಗಿರಾಕಿ ಮರೀತಾನೆ. ವಾಪಸ್ ಬರೋ ಹೊತ್ತಿಗೆ ಹಳೇ ಬಾಡಿಗೆ ಇರುತ್ತಾ? ಅವರದ್ದೇ ಮಳಿಗೆ ಸಿಗುತ್ತಾ?

ಹಾಗಂತ ಪ್ರಾಣ ಒತ್ತೆಯಿಟ್ಟು ಪರಂಪರೆ ಉಳಿಸಿ ಅಂತ ನಾನು ಹೇಳೋಲ್ಲ. ಅಪಾಯದ ಭಾಗದಿಂದ ಜನರನ್ನ ಮೊದಲು ಸರಿಸಿ. ಯಾವ ಭಾಗ ನಿಲ್ಲುತ್ತೆ, ಯಾವುದು ನಿಲ್ಲೋಲ್ಲ ಅನ್ನೋದನ್ನ ಸುಣ್ಣದ ಗಾರೆ ಗೊತ್ತಿರೋರಿಂದ ಪರೀಕ್ಷೆ ಮಾಡಿಸಿ, ವರದಿಯನ್ನ ಮಾರುಕಟ್ಟೆ ಬಾಗಿಲಿಗೇ ಅಂಟಿಸಿ. ಕೆಡವೋದೇ ಆದರೆ, ಯಾರ ಮಳಿಗೆ ಎಲ್ಲಿ, ಬಾಡಿಗೆ ಎಷ್ಟು, ವಾಪಸ್ ಯಾವಾಗ ಅನ್ನೋದನ್ನ ಬರಹದಲ್ಲಿ ಕೊಟ್ಟ ಮೇಲೆ ಗುದ್ದಲಿ ಎತ್ತಿ. ಹಳೆಯದೇ ಉಳಿಯಲಿ, ಹೊಸದೇ ಬರಲಿ, ಬಾಡಿಗೆಯ ಒಂದು ಪಾಲು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚಾವಣಿಗೆ ಅಂತಲೇ ತೆಗೆದಿಡಿ.

ಪ್ರತಿ ವಿಜಯದಶಮಿಗೆ ಚಾಮುಂಡೇಶ್ವರಿ ತಾಯಿ 750 ಕೆ.ಜಿ.ಯ ಅಂಬಾರಿಯಲ್ಲಿ ಕೂತು ಇದೇ ಸಯ್ಯಾಜಿ ರಾವ್ ರಸ್ತೆಯಲ್ಲಿ, ಇದೇ ಕಟ್ಟಡದ ಮುಂದೆ ಬನ್ನಿಮಂಟಪಕ್ಕೆ ಹೋಗ್ತಾಳೆ. ಲಕ್ಷಾಂತರ ಜನ ರಸ್ತೆಯ ಎರಡೂ ಬದಿ ನಿಂತಿರ್ತಾರೆ. ಈ ಗೋಡೆಯ ಕೆಳಗೆ ನಿಲ್ಲಬಹುದಾ, ನಿಲ್ಲಬಾರದಾ? ಪಾಲಿಕೆ ಮುಂದಿನ ದಸರಾಗೆ ಮುಂಚೆ ಅಷ್ಟಾದರೂ ಹೇಳಲಿ.